ಬೋನ್ಸಾಯ್ ಗಿಡಕ್ಕೆ ವಾರಕ್ಕೊಮ್ಮೆ ನೀರು ಸಾಲದು: ಒಂದು ಸ್ಪಷ್ಟನೆ

ಬೋನ್ಸಾಯ್ ಗಿಡ ಕುಳ್ಳಗಿರುವುದೇ ನೀರು ಕಡಿಮೆ ಹಾಕುವುದರಿಂದ, ಆದ್ದರಿಂದ ಅದನ್ನು ಮನೆಯೊಳಗಿಟ್ಟು ವಾರಕ್ಕೊಮ್ಮೆ ನೀರುಣಿಸಿದರೆ ಸಾಕು, ಕುಂಡಕ್ಕೆ ಹೊಲದ ಎರೆಮಣ್ಣೇ ಒಳ್ಳೆಯದು ಎಂಬ ಸಂದೇಶವೊಂದು ರಾಯಚೂರಿನ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಇದು ತಪ್ಪು.

ಆಲ, ಅರಳಿಯಂಥ ಮರಗಳು ತಟ್ಟೆಯಂಥ ಕುಂಡದಲ್ಲಿ ಗಿಡ್ಡಾಗಿ ಉಳಿಯುವುದು ಬೇರು ಮತ್ತು ಚಿಗುರುಗಳನ್ನು ಕಾಲಕಾಲಕ್ಕೆ ಸವರುವುದರಿಂದಲೇ ಹೊರತು ಬಾಯಾರಿಸುವುದರಿಂದಲ್ಲ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮೂರಿನ ಸೆಕೆಗೆ ಅಷ್ಟು ತೆಳುವಾದ ಮಣ್ಣು ಬೆಳಿಗ್ಗೆ ತೊಯ್ದರೂ ಸಂಜೆಯ ಹೊತ್ತಿಗೆ ಒಣಗಿರುತ್ತದೆ. ಬೆರಳನ್ನು ಒಂದು ಇಂಚು ಇಳಿಸಿದಾಗ ತಂಪು ತಾಗದಿದ್ದರೆ, ತಳದ ತೂತಿನಿಂದ ಹೊರಬರುವವರೆಗೆ ನೀರು ಹಾಕಬೇಕು. ಏಪ್ರಿಲ್, ಮೇ ತಿಂಗಳಲ್ಲಿ ದಿನಕ್ಕೆ 2 ಸಲವೂ ಬೇಕಾದೀತು. ಇವು ಬಯಲಿನ ಮರಗಳೇ ಆದ್ದರಿಂದ ಬೆಳಗಿನ ಬಿಸಿಲು ಬೇಕೇ ಬೇಕು, ಕಡುಬೇಸಿಗೆಯ ಮಧ್ಯಾಹ್ನ ಮಾತ್ರ ನೆರಳಿರಲಿ.

ಎರೆಮಣ್ಣಿನ ಸಲಹೆಯಂತೂ ಇನ್ನೂ ಅಪಾಯಕಾರಿ. ತೊಯ್ದಾಗ ಅಂಟಾಗಿ ಬೇರಿಗೆ ಗಾಳಿಯಾಡಗೊಡದ ಈ ಮಣ್ಣು, ಒಣಗಿದಾಗ ಕುಂಡದ ಅಂಚು ಬಿಟ್ಟು ಕುಗ್ಗುತ್ತದೆ. ಆಮೇಲೆ ಹಾಕಿದ ನೀರೆಲ್ಲ ಆ ಬಿರುಕಿನಲ್ಲೇ ಇಳಿದುಹೋಗಿ, ಮೇಲೆ ಹಸಿಯಾಗಿ ಕಂಡರೂ ನಡುವಿನ ಬೇರು ಒಣಗಿಯೇ ಉಳಿಯುತ್ತದೆ. ನನ್ನದೇ ಒಂದು ಅರಳಿ ಗಿಡ ಹೀಗೆ ಎಲೆಯುದುರಿಸಿ ಹೋದದ್ದನ್ನು ಕಂಡು ಈ ಮಾತು ಬರೆಯುತ್ತಿದ್ದೇನೆ. ದಪ್ಪ ಮರಳು, ಇಟ್ಟಿಗೆ ಚೂರು, ಚೆನ್ನಾಗಿ ಕಳಿತ ಗೊಬ್ಬರ ಬೆರೆಸಿದ, ನೀರು ನಿಲ್ಲದ ಮಣ್ಣನ್ನೇ ಬಳಸಬೇಕು.