ಕೊನೆಯ ಗದ್ದೆಗೂ ನೀರು: ಬಾಲಿಯ ಜತಿಲುವಿಹ್ ಗ್ರಾಮ ಮತ್ತು ನಮ್ಮ ಎಡದಂಡೆ ಕಾಲುವೆ

ಬೆಂಗಳೂರಿನಿಂದ ಡೆನ್‌ಪಸಾರ್‌ಗೆ ನೇರ ವಿಮಾನ ಸಂಚಾರ ಆರಂಭವಾದ ಮೇಲೆ ಬಾಲಿಗೆ ಬರುವ ಕನ್ನಡಿಗರು ಹೆಚ್ಚಾಗಿದ್ದಾರೆ. ಅವರಲ್ಲಿ ಹಲವರು ಕಡಲತೀರಗಳನ್ನು ಸುತ್ತಿದ ಬಳಿಕ ಅರ್ಧ ದಿನ ಬಿಡುವು ಮಾಡಿಕೊಂಡು ಒಳನಾಡಿನ ತಬಾನನ್ ಜಿಲ್ಲೆಯ ಜತಿಲುವಿಹ್ ಗ್ರಾಮಕ್ಕೂ ಹೋಗಿ, ಮೆಟ್ಟಿಲುಗದ್ದೆಗಳ ಚಿತ್ರ ತೆಗೆದುಕೊಂಡು ಮರಳುತ್ತಾರೆ. ಡೆನ್‌ಪಸಾರ್‌ನಲ್ಲಿ ನೆಲೆಸಿರುವ, ಆದರೆ ರಾಯಚೂರು ಜಿಲ್ಲೆಯ ರೈತ ಕುಟುಂಬದಲ್ಲಿ ಹುಟ್ಟಿದ ನನಗೆ ಆ ಊರಿನಲ್ಲಿ ಗದ್ದೆಗಳ ಚೆಲುವಿಗಿಂತ ಮುಖ್ಯವಾಗಿ ಕಂಡದ್ದು ಅಲ್ಲಿ ನೀರು ಹಂಚಿಕೆಯಾಗುವ ಬಗೆ. ತುಂಗಭದ್ರಾ ಎಡದಂಡೆಯ ಕೊನೆಭಾಗದ ಹಳ್ಳಿಗಳವರು ಅದನ್ನು ತಿಳಿಯಬೇಕೆಂಬುದು ನನ್ನ ಆಸೆ.

ಜತಿಲುವಿಹ್ ಇರುವುದು 2,276 ಮೀಟರ್ ಎತ್ತರದ ಬತುಕಾರು ಬೆಟ್ಟದ ದಕ್ಷಿಣದ ಇಳಿಜಾರಿನಲ್ಲಿ, ಸಮುದ್ರಮಟ್ಟದಿಂದ ಸುಮಾರು 700 ಮೀಟರ್ ಮೇಲೆ. ಸುಮಾರು 300 ಹೆಕ್ಟೇರ್ ಗದ್ದೆಯ ನೀರನ್ನು ನೋಡಿಕೊಳ್ಳುವುದು ಸುಬಾಕ್ ಎಂಬ ರೈತರ ಕೂಟ. ಸುಬಾಕ್‌ಗಳ ಉಲ್ಲೇಖ 11ನೇ ಶತಮಾನದ ಬಾಲಿಯ ಶಾಸನಗಳಲ್ಲಿಯೇ ಸಿಗುತ್ತದೆ. ಒಂದೇ ಮೂಲದ ನೀರು ಪಡೆಯುವ ರೈತರೆಲ್ಲ, ಅವರ ಮನೆ ಯಾವ ಊರಿನಲ್ಲಿದ್ದರೂ, ಒಂದೇ ಸುಬಾಕ್‌ನ ಸದಸ್ಯರು. ಕೂಟದ ಒಳಗೆ ತೆಂಪೆಕ್ ಎಂಬ ಚಿಕ್ಕ ಘಟಕಗಳಿವೆ. ಸದಸ್ಯರೇ ಆರಿಸಿದ ಪೆಕಾಸೆಹ್ ಎಂಬ ಮುಖ್ಯಸ್ಥನಿದ್ದಾನೆ. ಅವಿಗ್-ಅವಿಗ್ ಎಂಬ ಕಟ್ಟಳೆಗಳಿವೆ. ಕಾಲುವೆ ಶುಚಿಗೊಳಿಸುವ ದಿನ ಬಾರದವನಿಗೂ, ಇನ್ನೊಬ್ಬರ ಪಾಲಿನ ನೀರನ್ನು ತಿರುಗಿಸಿಕೊಂಡವನಿಗೂ ದಂಡ ವಿಧಿಸುವುದು ಸರ್ಕಾರದ ಇಲಾಖೆಯಲ್ಲ, ಸದಸ್ಯರ ಸಭೆ.

ಹಂಚಿಕೆಯ ಸಾಧನವನ್ನು ಕಂಡರೆ ನಮ್ಮ ಕಡೆಯ ಯಾವ ರೈತನಿಗೂ ಅದು ತಟ್ಟನೆ ಅರ್ಥವಾಗುತ್ತದೆ. ಕಾಲುವೆಗೆ ಅಡ್ಡಲಾಗಿ ಮರದ ದಿಮ್ಮಿಯನ್ನಿಟ್ಟು, ಅದರಲ್ಲಿ ಪ್ರತಿಯೊಂದು ಕವಲಿಗೂ ಅದರ ಪಾಲಿಗೆ ತಕ್ಕಷ್ಟು ಅಗಲದ ಕಚ್ಚು ಕೊರೆದಿರುತ್ತಾರೆ. ಇದಕ್ಕೆ ತೆಂಬುಕು ಎನ್ನುತ್ತಾರೆ. ಕಚ್ಚುಗಳ ತಳಮಟ್ಟ ಒಂದೇ ಆಗಿರುವುದರಿಂದ ಹೊಳೆ ತುಂಬಿ ಬಂದಾಗ ಎಲ್ಲರಿಗೂ ಹೆಚ್ಚು ಹರಿಯುತ್ತದೆ, ಇಳಿದಾಗ ಎಲ್ಲರಿಗೂ ಅದೇ ಪ್ರಮಾಣದಲ್ಲಿ ಕಡಿಮೆಯಾಗುತ್ತದೆ. ಎತ್ತಿ ಇಳಿಸುವ ಗೇಟಿಲ್ಲ, ಗೇಟಿನ ಬೀಗದ ಕೈಯನ್ನು ಯಾರೂ ಇಟ್ಟುಕೊಂಡಿಲ್ಲ. ದಿಮ್ಮಿಯ ಕಚ್ಚನ್ನು ರಾತ್ರೋರಾತ್ರಿ ಅಗಲ ಮಾಡಿದರೆ ಬೆಳಗಾಗುವುದರೊಳಗೆ ಕೆಳಗಿನ ಗದ್ದೆಯವನಿಗೆ ತಿಳಿಯುತ್ತದೆ.

ಆದರೂ ಮೇಲಿನ ಗದ್ದೆಯವನು ಕೆಳಗಿನವನಿಗೆ ನೀರು ಬಿಡುವುದೇಕೆ ಎಂಬ ಪ್ರಶ್ನೆ ಉಳಿದೇ ಇರುತ್ತದೆ. ಇದಕ್ಕೆ ದೈವಭಯ ಎಂದು ಉತ್ತರಿಸುವವರಿದ್ದಾರೆ. ನೀರಿನ ಗುಡಿಗಳೂ, ಬತ್ತದ ದೇವತೆ ದೇವಿ ಶ್ರೀಯ ಪೂಜೆಯೂ ಅಲ್ಲಿನ ಬೇಸಾಯದ ಹೆಜ್ಜೆಹೆಜ್ಜೆಯಲ್ಲೂ ಇವೆ, ಅವುಗಳ ಬಗ್ಗೆ ನನಗೆ ಗೌರವವಿದೆ. ಆದರೆ ಅಮೆರಿಕದ ಮಾನವಶಾಸ್ತ್ರಜ್ಞ ಸ್ಟೀಫನ್ ಲ್ಯಾನ್ಸಿಂಗ್ ಅವರು ಬಾಲಿಯಲ್ಲಿ ದಶಕಗಳ ಕಾಲ ಅಧ್ಯಯನ ನಡೆಸಿ ತೋರಿಸಿದ ಕಾರಣ ಇನ್ನಷ್ಟು ಬಿಗಿಯಾದದ್ದು. ಮೇಲಿನವರೂ ಕೆಳಗಿನವರೂ ಒಂದೇ ಸಮಯಕ್ಕೆ ನಾಟಿ ಮಾಡಿ, ಒಂದೇ ಸಮಯಕ್ಕೆ ಕೊಯ್ದು, ಗದ್ದೆಗಳನ್ನು ಒಟ್ಟಿಗೆ ಖಾಲಿ ಬಿಟ್ಟರೆ ಕಂದು ಜಿಗಿಹುಳುವಿಗೂ ಇಲಿಗೂ ಆ ಅವಧಿಯಲ್ಲಿ ಆಹಾರ ಸಿಗುವುದಿಲ್ಲ. ಕೆಳಗಿನವನು ನೀರಿಲ್ಲದೆ ತಡವಾಗಿ ನಾಟಿ ಮಾಡಿದರೆ ಅವನ ಗದ್ದೆಯ ಹುಳು ಮೇಲಿನವನ ಬೆಳೆಗೆ ಏರುತ್ತದೆ. ಕೆಳಗಿನವನಿಗೆ ನೀರು ಬೇಕು, ಮೇಲಿನವನಿಗೆ ಕೆಳಗಿನವನ ಸಹಕಾರ ಬೇಕು. ಇಬ್ಬರ ಅಗತ್ಯಗಳು ಹೀಗೆ ಒಂದಕ್ಕೊಂದು ಕಟ್ಟಿಕೊಂಡಿರುವುದರಿಂದಲೇ ಸಭೆಯ ಮಾತು ನಡೆಯುತ್ತದೆ.

1970ರ ದಶಕದಲ್ಲಿ ಈ ಕಟ್ಟು ಸಡಿಲಿತು. ಹಸಿರು ಕ್ರಾಂತಿಯ ಉತ್ಸಾಹದಲ್ಲಿ ಇಂಡೋನೇಷ್ಯಾ ಸರ್ಕಾರವು ಅಲ್ಪಾವಧಿಯ ಹೊಸ ತಳಿಗಳನ್ನು ಕೊಟ್ಟು, ನೀರಿನ ಗುಡಿಗಳಲ್ಲಿ ಗೊತ್ತಾಗುತ್ತಿದ್ದ ನಾಟಿಯ ವೇಳಾಪಟ್ಟಿಯನ್ನು ಬದಿಗಿಟ್ಟು ಸಾಧ್ಯವಾದಷ್ಟು ಸಲ ಬತ್ತ ಬೆಳೆಯಿರಿ ಎಂದಿತು. ಮೊದಮೊದಲು ಇಳುವರಿ ಏರಿದರೂ ನೀರಿನ ಹಂಚಿಕೆ ಕದಡಿತು, ಹುಳುಬಾಧೆ ಹಬ್ಬಿತು, ಕೀಟನಾಶಕದ ಖರ್ಚು ಬೆಳೆಯಿತು. 1986ರಲ್ಲಿ ದೇಶದಾದ್ಯಂತ 57 ಕೀಟನಾಶಕಗಳನ್ನು ಬತ್ತದ ಬೆಳೆಗೆ ನಿಷೇಧಿಸಬೇಕಾಯಿತು. ಬಾಲಿಯ ರೈತರು ಕ್ರಮೇಣ ಒಟ್ಟಾಗಿ ನಾಟಿ ಮಾಡುವ ತಮ್ಮ ಹಳೆಯ ಕ್ರಮಕ್ಕೆ ಮರಳಿದರು. ಜತಿಲುವಿಹ್‌ನಲ್ಲಿ ಇಂದಿಗೂ ವರ್ಷಕ್ಕೊಂದು ಸಲ ಐದಾರು ತಿಂಗಳ ನಾಡತಳಿಯ ಕೆಂಪಕ್ಕಿ ಬತ್ತವನ್ನೇ ಹಾಕುತ್ತಾರೆ, ಇನ್ನೊಂದು ಬೆಳೆಗೆ ಮಾತ್ರ ಅಲ್ಪಾವಧಿಯ ತಳಿ.

ನಮ್ಮ ಎಡದಂಡೆಯನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಮನಸ್ಸು ಭಾರವಾಗುತ್ತದೆ. 200 ಕಿಲೋಮೀಟರಿಗೂ ಉದ್ದವಾದ ಆ ಕಾಲುವೆಯ ಬಹುಪಾಲು ಅಚ್ಚುಕಟ್ಟನ್ನು ಜೋಳ, ಹತ್ತಿ, ಶೇಂಗಾದಂತಹ ಕಡಿಮೆ ನೀರಿನ ಬೆಳೆಗಳಿಗೆಂದು ಗೊತ್ತುಪಡಿಸಲಾಗಿತ್ತು. ಮೇಲ್ಭಾಗದಲ್ಲಿ ಬತ್ತ ಹಬ್ಬಿತು. 133 ಟಿಎಂಸಿ ಸಾಮರ್ಥ್ಯದ ಜಲಾಶಯ ಹೂಳು ತುಂಬಿ 105 ಟಿಎಂಸಿಯ ಆಸುಪಾಸಿಗೆ ಇಳಿಯಿತು. ಮಾನ್ವಿ, ಸಿರವಾರ, ರಾಯಚೂರಿನ ಕೊನೆಭಾಗದ ರೈತರು ಗೇಜ್ (ಕಾಲುವೆಯ ನೀರಿನ ಮಟ್ಟ) ಕಾಪಾಡಿ ಎಂದು ರಸ್ತೆಗಿಳಿಯುವುದು ವಾಡಿಕೆಯೇ ಆಯಿತು. ಕಾಲುವೆಯ ಮೇಲೆ ಪೊಲೀಸರನ್ನು ನಿಲ್ಲಿಸಿ ನೀರು ಹರಿಸುವುದನ್ನು ನಾನು ಬಾಲ್ಯದಿಂದ ಕೇಳುತ್ತಲೇ ಬಂದಿದ್ದೇನೆ. ಮೇಲ್ಭಾಗದವರು ದುಷ್ಟರೆಂದು ನಾನು ಹೇಳಲಾರೆ. ಸಾಲ ಮಾಡಿ ಗದ್ದೆ ಸಮ ಮಾಡಿಸಿಕೊಂಡವನು ಜೋಳಕ್ಕೆ ಮರಳುವುದು ಸುಲಭವಲ್ಲ. ಆದರೆ ಕೊನೆಭಾಗದವನ ಮುಖವನ್ನು ನೋಡಬೇಕಾದ ಸಭೆಯೊಂದು ಅವನ ಬದುಕಿನಲ್ಲಿ ಇಲ್ಲವೇ ಇಲ್ಲ.

ಕಾಗದದ ಮೇಲೆ ನಮ್ಮಲ್ಲೂ ಸಭೆಗಳಿವೆ. 1965ರ ಕರ್ನಾಟಕ ನೀರಾವರಿ ಕಾಯ್ದೆಗೆ 2000ದಲ್ಲಿ ತಿದ್ದುಪಡಿ ತಂದು ನೀರು ಬಳಕೆದಾರರ ಸಹಕಾರ ಸಂಘಗಳಿಗೆ ಅಧಿಕಾರ ಕೊಡಲಾಯಿತು. ಎಷ್ಟೋ ಕಡೆ ಅವು ಫಲಕವಾಗಿ ಉಳಿದಿವೆ. ಹಂಗಾಮಿಗೆ ಎಷ್ಟು ನೀರು, ಯಾವಾಗ ಎಂಬುದು ಸಚಿವರು, ಶಾಸಕರು, ಅಧಿಕಾರಿಗಳು ಕೂರುವ ನೀರಾವರಿ ಸಲಹಾ ಸಮಿತಿಯಲ್ಲಿ ತೀರ್ಮಾನವಾಗುತ್ತದೆ.

ನಮ್ಮ ಕೆರೆಗಳ ಹಳೆಯ ಕ್ರಮವೇ ಸುಬಾಕ್‌ಗೆ ಸಮನಾಗಿತ್ತು ಎಂದು ಕೆಲವು ಗೆಳೆಯರು ವಾದಿಸುತ್ತಾರೆ. ತೂಬು, ಕೋಡಿ, ಏರಿಗಳನ್ನು ಕಾಯುತ್ತಿದ್ದ ನೀರುಗಂಟಿಯ ಜ್ಞಾನ ದೊಡ್ಡದು, ನಿಜ. ಆದರೆ ಹಲವು ಊರುಗಳಲ್ಲಿ, ವಿಶೇಷವಾಗಿ ಕೋಲಾರದ ಕಡೆ, ನೀರುಗಂಟಿ ದಲಿತ ಕುಟುಂಬದವನು. ಕಣದಲ್ಲಿ ಕಾಳು ಪಡೆದು ಕೆಲಸ ಮಾಡಿದವನಿಗೆ ಊರಿನ ಪಂಚಾಯಿತಿಯಲ್ಲಿ ಸರಿಸಮನಾದ ಸ್ಥಾನವಿರಲಿಲ್ಲ. ಬಾಲಿಯಲ್ಲೂ ಜಾತಿಯಿದೆ, ಆದರೆ ಸುಬಾಕ್ ಸಭೆಯಲ್ಲಿ ಅದಕ್ಕೆ ಬೆಲೆಯಿಲ್ಲ, ಗೇಣಿದಾರನೂ ಅಲ್ಲಿ ಸದಸ್ಯನಾಗಬಲ್ಲ. ಈ ವ್ಯತ್ಯಾಸವನ್ನು ಮರೆಮಾಚಿ ಹಳೆಯದನ್ನು ಹೊಗಳುವುದು ನನಗೆ ಒಪ್ಪಿಗೆಯಿಲ್ಲ. ಹಾಗೆಂದು ಸುಬಾಕ್ ಪೂರ್ಣವಾದದ್ದೇನೂ ಅಲ್ಲ: ಗದ್ದೆಯಲ್ಲಿ ಗಂಡಸರಷ್ಟೇ ದುಡಿಯುವ ಹೆಂಗಸರು ಸಭೆಯಲ್ಲಿ ಕಾಣುವುದು ಅಪರೂಪ.

ಜತಿಲುವಿಹ್‌ಗೆ ಈಗ ಬೇರೆ ಬಗೆಯ ಒತ್ತಡವಿದೆ. 2012ರಲ್ಲಿ ಯುನೆಸ್ಕೊ ಬಾಲಿಯ ಸುಬಾಕ್ ಭೂದೃಶ್ಯವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಈ ಗದ್ದೆಗಳೂ ಅದರಲ್ಲಿದ್ದವು. ಪ್ರವೇಶ ಶುಲ್ಕದ ಹಣ ಬರುತ್ತದೆ, ಗದ್ದೆಯಂಚಿನಲ್ಲಿ ಉಪಾಹಾರ ಗೃಹಗಳೂ ಏಳುತ್ತವೆ. ಯುವಕರು ದಕ್ಷಿಣದ ಹೋಟೆಲುಗಳ ಸಂಬಳಕ್ಕೆ ಊರು ಬಿಡುತ್ತಾರೆ. ನೋಡಲು ಬಂದವರು ಕೊಟ್ಟ ಹಣದಲ್ಲಿ ದೊಡ್ಡ ಪಾಲು ಬೇಸಾಯ ಮಾಡುವವನಿಗೆ ಸೇರದಿದ್ದರೆ ಅವನು ಗದ್ದೆಯಲ್ಲಿ ಉಳಿಯಲು ಕಾರಣವಿರುವುದಿಲ್ಲ.

ಮರದ ದಿಮ್ಮಿಗಳನ್ನು ತಂದು ಎಡದಂಡೆಯಲ್ಲಿ ಹಾಕಬೇಕೆಂಬುದು ನನ್ನ ಮಾತಲ್ಲ; ಬೆಟ್ಟದ ತೊರೆಯೂ ಜಲಾಶಯದ ಕಾಲುವೆಯೂ ಬೇರೆಬೇರೆ. ಆದರೆ ಜಿಗಿಹುಳು ಗಂಗಾವತಿ, ಸಿಂಧನೂರಿನ ಬತ್ತದಲ್ಲೂ ಇದೆ, ಔಷಧಿಯ ಖರ್ಚು ಮೇಲ್ಭಾಗದವನನ್ನೂ ಬಾಧಿಸುತ್ತಿದೆ. ಆದ್ದರಿಂದ ಮಾತುಕತೆಗೆ ಒಂದು ಸಮಾನ ಕಾರಣ ನಮ್ಮಲ್ಲೂ ಸಿದ್ಧವಾಗಿದೆ. ಮುಂದಿನ ಮುಂಗಾರಿಗೆ ಮೊದಲು ಒಂದೇ ಒಂದು ವಿತರಣಾ ಕಾಲುವೆಯಲ್ಲಾದರೂ ಮೇಲಿನ ಮತ್ತು ಕೊನೆಯ ಹಳ್ಳಿಗಳ ರೈತರು ಒಟ್ಟಿಗೆ ಕೂರಲಿ. ಸಭೆಯನ್ನು ಕೊನೆಭಾಗದವರೇ ಕರೆಯಲಿ, ಇಲಾಖೆಯವರು ಕೇಳಿಸಿಕೊಳ್ಳಲು ಬರಲಿ, ಮತ್ತು ಅಲ್ಲಿ ಎಲ್ಲಕ್ಕಿಂತ ಮೊದಲು ಸಸಿಮಡಿಯ ಮತ್ತು ನಾಟಿಯ ದಿನಾಂಕ ತೀರ್ಮಾನವಾಗಲಿ.