ಮೊದಲು ಹತ್ತು ಬೆರಳು, ಆಮೇಲೆ ಎಕ್ಸೆಲ್

ನಮ್ಮ ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯ ಕಂಪ್ಯೂಟರ್ ಕ್ಲಾಸುಗಳಲ್ಲಿ ವರ್ಡ್, ಎಕ್ಸೆಲ್, ಟ್ಯಾಲಿ ಎಲ್ಲ ಕಲಿಸುತ್ತಾರೆ. ಕೋರ್ಸ್ ಮುಗಿಸಿದ ಮಕ್ಕಳಲ್ಲಿ ಬಹಳಷ್ಟು ಮಂದಿ ಮಾತ್ರ ಎರಡು ತೋರುಬೆರಳಲ್ಲಿ ಅಕ್ಷರ ಹುಡುಕಿ ಹುಡುಕಿ ಕುಟ್ಟುತ್ತಾರೆ. ಕನ್ನಡದಲ್ಲಿ ಒಂದು ಅರ್ಜಿ ಟೈಪ್ ಮಾಡು ಅಂದರೆ ಮೊಬೈಲ್ ತೆಗೆದು, ಅದರಲ್ಲಿ ಬರೆದು, ಕಂಪ್ಯೂಟರಿಗೆ ಕಳಿಸಿಕೊಳ್ಳುತ್ತಾರೆ. ಈ ಕ್ರಮವೇ ತಲೆಕೆಳಗು. ಕನ್ನಡ ಕೀಲಿಮಣೆಯನ್ನು ನೋಡದೆ, ಹತ್ತೂ ಬೆರಳಲ್ಲಿ ಒತ್ತುವುದನ್ನು ಮೊದಲ ದಿನದಿಂದಲೇ ಕಲಿಸಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಯಾವ ವಿನ್ಯಾಸ, ಅಂದರೆ ಯಾವ ಕೀಗೆ ಯಾವ ಅಕ್ಷರ ಅನ್ನುವ ಜೋಡಣೆ ಯಾವುದು ಅಂತ ಕೇಳಿದರೆ, ಕೆ.ಪಿ. ರಾವ್ ಅವರು ರೂಪಿಸಿದ್ದು. ಸಣ್ಣಪುಟ್ಟ ಬದಲಾವಣೆಯೊಂದಿಗೆ ಸರ್ಕಾರ ಒಪ್ಪಿದ್ದು ಅದನ್ನೇ, ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದಲ್ಲಿ ಇರುವುದೂ ಅದೇ. ವಿಂಡೋಸ್‌ನ ಇನ್‌ಸ್ಕ್ರಿಪ್ಟ್ ಕೂಡ ಒಳ್ಳೆಯ ವಿನ್ಯಾಸವೇ. ಸ್ವರಗಳು ಎಡಗೈಗೆ, ವ್ಯಂಜನಗಳು ಬಹುಪಾಲು ಬಲಗೈಗೆ. ಆದರೆ ಅದರಲ್ಲಿ ಎಲ್ಲ ಜಾಗಗಳನ್ನೂ ಹೊಸದಾಗಿ ಕಲಿಯಬೇಕು. ರಾವ್ ವಿನ್ಯಾಸದಲ್ಲಿ ಕೆ ಒತ್ತಿದರೆ ಕ, ಜಿ ಒತ್ತಿದರೆ ಗ, ಶಿಫ್ಟ್ ಹಿಡಿದರೆ ಖ ಮತ್ತು ಘ. ಇಂಗ್ಲಿಷ್ ಕೀಬೋರ್ಡ್ ಕಲಿತ ಬೆರಳಿಗೆ ಅರ್ಧ ಕೆಲಸ ಆಗಲೇ ಮುಗಿದಿರುತ್ತದೆ.

ಒತ್ತಕ್ಷರಕ್ಕೆ ಎಫ್ ಕೀ. ಎಡಗೈ ತೋರುಬೆರಳು ಸುಮ್ಮನೆ ಕೂರುವ ಜಾಗವೇ ಅದು, ಮೇಲೆ ಸಣ್ಣ ಉಬ್ಬುಗೆರೆಯೂ ಇರುತ್ತದೆ (ಇನ್ನೊಂದು ಉಬ್ಬು ಜೆ ಮೇಲೆ). ಕನ್ನಡದಲ್ಲಿ ಒತ್ತು ಎಷ್ಟು ಬರುತ್ತದೆ ಅಂತ ಗೊತ್ತಿದ್ದವರಿಗೆ ಈ ಆಯ್ಕೆಯ ಬೆಲೆ ತಿಳಿಯುತ್ತದೆ. ಶಿವಮೊಗ್ಗ ಬರೆಯಲು ಶಿಫ್ಟ್ ಹಿಡಿದು ಎಸ್, ಆಮೇಲೆ ಐ, ವಿ, ಎಂ, ಓ, ಜಿ, ಎಫ್, ಜಿ. ಎಂಟು ಸಲ ಕೀ ಒತ್ತಿದರೆ ಮುಗಿಯಿತು. ವ್ಯಂಜನದೊಳಗೇ ಅಕಾರ ಇರುವುದರಿಂದ ನಡುವೆ ಎಲ್ಲೂ ಇಂಗ್ಲಿಷಿನ ಎ (A) ಒತ್ತುವಂತಿಲ್ಲ. ಮೊಬೈಲಿನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದು ಅಭ್ಯಾಸವಾದವರು ಮೊದಲು ಎಡವುವುದು ಇಲ್ಲೇ. ಶ ಬೇಕಾದಾಗ ಎಸ್ ಜೊತೆ ಎಚ್ ಒತ್ತುತ್ತಾರೆ, ಸಹ ಅಂತ ಬರುತ್ತದೆ.

ಮೊದಲ ವಾರ ನಡುಸಾಲು ಬಿಟ್ಟು ಬೇರೆಲ್ಲೂ ಹೋಗಬೇಡಿ. ಹಗ್ಗ, ಅಕ್ಕ, ಅಗಲ, ಗದ್ದಲ, ಕಲಸ, ಇವೆಲ್ಲ ನಡುಸಾಲಿನಲ್ಲೇ ಮುಗಿಯುವ ಪದಗಳು. ಗದ್ದಲ ಬಂದ ಮೇಲೆ ಮೇಲುಸಾಲಿನ ಇಂಗ್ಲಿಷ್ ಇ (E) ಕೀ ಸೇರಿಸಿ ಗದ್ದೆ ಮಾಡಿ. ಆಮೇಲೆ ನಮ್ಮೂರಿನ ಪದಗಳಿಗೆ ಬನ್ನಿ, ಅಲ್ಲೇ ಕಷ್ಟ ಕಾದಿದೆ. ಟ ಇರುವುದು ಕ್ಯೂ ಕೀಯಲ್ಲಿ, ಡ ಇರುವುದು ಡಬ್ಲ್ಯೂನಲ್ಲಿ. ಎರಡೂ ಎಡಗೈಯ ಬಲವಿಲ್ಲದ ಬೆರಳುಗಳ ಪಾಲು. ಅಡಿಕೆ, ತೋಟ, ಕಾಡು, ಮಲೆನಾಡು, ಕೊಟ್ಟಿಗೆ ಎಲ್ಲದರಲ್ಲೂ ಅವೇ. ಗುಡ್ಡ ಬರೆಯುವಾಗ ಉಂಗುರಬೆರಳು ಮೇಲಕ್ಕೆ, ತೋರುಬೆರಳು ಎಫ್‌ಗೆ, ಮತ್ತೆ ಉಂಗುರಬೆರಳು ಮೇಲಕ್ಕೆ. ಈ ಒಂದು ಪದವನ್ನು ನಿಧಾನವಾಗಿ, ತಪ್ಪಿಲ್ಲದೆ ದಿನಾ ಒತ್ತಿದರೆ ಆ ಬೆರಳು ಪಳಗುತ್ತದೆ. ವೇಗಕ್ಕೆ ಅವಸರ ಬೇಡ. ತಪ್ಪು ಒತ್ತಿ, ಅಳಿಸಿ, ಮತ್ತೆ ಒತ್ತುವಷ್ಟರಲ್ಲಿ ಒಂದರ ಜಾಗಕ್ಕೆ ಮೂರು ಒತ್ತು ಖರ್ಚಾಗಿರುತ್ತದೆ. ಬೆಳಿಗ್ಗೆ ಇಪ್ಪತ್ತು ನಿಮಿಷ, ಸಂಜೆ ಇಪ್ಪತ್ತು ನಿಮಿಷ ಸಾಕು.

ಶಿಫ್ಟ್ ವಿಷಯವನ್ನು ಯಾರೂ ಸರಿಯಾಗಿ ಹೇಳಿಕೊಡುವುದಿಲ್ಲ. ಇಂಗ್ಲಿಷಿನಲ್ಲಿ ಶಿಫ್ಟ್ ಅಪರೂಪ. ಕನ್ನಡದಲ್ಲಿ ದೀರ್ಘ, ಮಹಾಪ್ರಾಣ, ಣ, ಳ, ಅನುಸ್ವಾರ ಎಲ್ಲಕ್ಕೂ ಅದು ಬೇಕು. ಅಕ್ಷರ ಎಡಗೈಯದ್ದಾದರೆ ಶಿಫ್ಟ್ ಬಲಗೈಯ ಕಿರುಬೆರಳಿನದ್ದು, ಅಕ್ಷರ ಬಲಗೈಯದ್ದಾದರೆ ಎಡಗೈಯದ್ದು. ಎಡಗಡೆಯ ಶಿಫ್ಟ್ ಒಂದನ್ನೇ ನೆಚ್ಚಿದವರಿಗೆ ದೀರ್ಘ ಆ ಒತ್ತುವಾಗ ಕೈಯೇ ಎದ್ದುಬಿಡುತ್ತದೆ, ಏಕೆಂದರೆ ಎ ಕೀಯೂ ಅದೇ ಕಿರುಬೆರಳಿನದ್ದು. ಕೈ ಎದ್ದರೆ ಜಾಗ ತಪ್ಪುತ್ತದೆ, ಕಣ್ಣು ಕೆಳಗಿಳಿಯುತ್ತದೆ. ಕನ್ನಡ ಅಕ್ಷರದ ಸ್ಟಿಕ್ಕರ್ ಅಂಟಿಸುವುದನ್ನು ನಾನು ವಿರೋಧಿಸುವುದೂ ಇದಕ್ಕೇ. ಕಣ್ಣಿಗೆ ಆಸರೆ ಸಿಕ್ಕರೆ ಬೆರಳು ಕಲಿಯುವುದಿಲ್ಲ.

ಇನ್ನು ತಪ್ಪುಗಳು. ಅರ್ಕಾವತ್ತನ್ನು ಕಾಗದದ ಮೇಲೆ ಕೊನೆಗೆ ಬರೆಯುತ್ತೇವೆ, ಯೂನಿಕೋಡಿನಲ್ಲಿ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರಸಂಕೇತ) ಉಚ್ಚಾರದ ಕ್ರಮವೇ ಕ್ರಮ. ತೀರ್ಥಹಳ್ಳಿಯಲ್ಲಿ ಮೊದಲು ರ, ಆಮೇಲೆ ಎಫ್, ಆಮೇಲೆ ಥ. ತಿರುಗಿಸಿದರೆ ಥ್ರ ಆಗುತ್ತದೆ. ಕೃಷಿಗೆ ಕೆ ಆದಮೇಲೆ ಶಿಫ್ಟ್ ಹಿಡಿದು ಆರ್. ಅಲ್ಲಿ ಎಫ್ ಹಾಕಿದವರು ಕ್ರಷಿ ಅಂತ ಬರೆದಿರುತ್ತಾರೆ. ಎಲ್ಲಕ್ಕಿಂತ ಕೆಟ್ಟದ್ದು ಅನುಸ್ವಾರದ ಬದಲು ಕನ್ನಡದ ಸೊನ್ನೆ ಅಂಕಿ ಒತ್ತುವುದು. ಆಗುಂಬೆ ಎಂದು ಸರಿಯಾಗಿ ಒತ್ತಿದ್ದಕ್ಕೂ, ಆಗು೦ಬೆ ಎಂದು ಅಂಕಿ ಸೇರಿಸಿದ್ದಕ್ಕೂ ಕಣ್ಣಿಗೆ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ. ಕಂಪ್ಯೂಟರಿಗೆ ಅವು ಬೇರೆ ಬೇರೆ ಪದ. ದಾಖಲೆಯಲ್ಲಿ ಹುಡುಕಿದರೆ ಹೆಸರು ಸಿಗುವುದಿಲ್ಲ, ಜನ ಕಚೇರಿಗೆ ಅಲೆಯುತ್ತಾರೆ. ಪಂಚಾಯಿತಿ ಕೆಲಸಕ್ಕೆ ಹೋಗುವ ಹುಡುಗರಿಗೆ ಇದನ್ನಂತೂ ಹೇಳಲೇಬೇಕು. ಹಾಗೆಯೇ ಹಳೆಯ ನುಡಿ ಫಾಂಟಿನಲ್ಲಿ ಬರೆದ ಕಡತ ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರವಾಗಿ ಕಾಣುತ್ತದೆ. ಹೊಸದಾಗಿ ಬರೆಯುವುದೆಲ್ಲ ಯೂನಿಕೋಡಿನಲ್ಲೇ ಇರಲಿ.

ಮಳೆಗಾಲದ ಒಂದು ಮಾತು. ಅಗ್ಗದ ಕೀಬೋರ್ಡಿನೊಳಗೆ ಕೀಗಳಿಗೆ ಬೇರೆ ಬೇರೆ ಸ್ವಿಚ್ ಇರುವುದಿಲ್ಲ. ವಿದ್ಯುತ್ ಹರಿಯುವ ಗೆರೆ ಎಳೆದ ತೆಳು ಪ್ಲಾಸ್ಟಿಕ್ ಹಾಳೆಗಳಿರುತ್ತವೆ. ಜೂನ್‌ನಿಂದ ಆಗಸ್ಟ್‌ವರೆಗಿನ ಥಂಡಿಗೆ ಆ ಗೆರೆ ಕಿಲುಬು ಹಿಡಿದು ಕಡಿದರೆ ಒಂದೇ ಸಲ ಮೂರ್ನಾಲ್ಕು ಅಕ್ಷರ ಸತ್ತುಹೋಗುತ್ತವೆ. ಕೀಗಳನ್ನು ಕಿತ್ತು ಒರೆಸಿ ಪ್ರಯೋಜನವಿಲ್ಲ, ಬೇರೆ ಕೀಬೋರ್ಡ್ ತರುವುದೇ ಸರಿ. ನೀರು ಚೆಲ್ಲಿದರೆ ಮೊದಲು ವೈರ್ ಕಿತ್ತು, ಬೋರಲು ಹಾಕಿ ಒಂದೆರಡು ದಿನ ಗಾಳಿಗೆ ಬಿಡಿ. ಒಲೆಯ ಹತ್ತಿರ ಇಟ್ಟರೆ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ.

ಮಳೆಗೆ ಕರೆಂಟ್ ಹೋದ ದಿನವೂ ಕ್ಲಾಸ್ ನಿಲ್ಲಿಸಬೇಕಿಲ್ಲ. ಇಬ್ಬಿಬ್ಬರನ್ನು ಕೂರಿಸಿ. ಒಬ್ಬರು ಪದ ಹೇಳಲಿ, ಇನ್ನೊಬ್ಬರು ಕಣ್ಣುಮುಚ್ಚಿ ಕರೆಂಟಿಲ್ಲದ ಕೀಬೋರ್ಡಿನ ಮೇಲೆಯೇ ಒತ್ತಲಿ. ಯಾವ ಬೆರಳು ಯಾವ ಕೀಗೆ ಹೋಯಿತು ಅನ್ನುವುದನ್ನು ಪದ ಹೇಳಿದವರು ನೋಡಿ ತಿದ್ದಲಿ. ಪರದೆಯಲ್ಲಿ ಅಕ್ಷರ ಸರಿ ಬಂದರೂ ಬೆರಳು ತಪ್ಪಿರಬಹುದು, ಅದು ಸಿಕ್ಕಿಬೀಳುವುದು ಹೀಗೆ ನೋಡಿದಾಗಲೇ.