ಅಂದವಾದ ಚಿತ್ರ ಬರೆದು ಭಾಗಗಳನ್ನು ಗುರುತಿಸಿ

ನಾಲ್ಕನೇ ತರಗತಿಯ ಮಗುವಿನ ಚಿತ್ರದ ಮೇಲೆ ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದು ‘ಪುಸ್ತಕದಲ್ಲಿರುವಂತೆ ಬರೆ’ ಎಂದು ಷರಾ ಹಾಕುವವರನ್ನು ಏನೆನ್ನಬೇಕು? ಬೆಳಿಗ್ಗೆಯಿಂದ ತಲೆ ಕೆಟ್ಟಿದೆ. ಶಾಲೆಯ ಹೆಸರು ಬೇಡ ಬಿಡಿ, ಊರೆಲ್ಲ ಇದೇ ಕಥೆ.

ನನ್ನ ತಂಗಿಯ ಮಗಳು ಅಂಗಳದ ದಾಸವಾಳವನ್ನು ಎದುರಿಗಿಟ್ಟುಕೊಂಡು ಬಿಡಿಸಿದ ಚಿತ್ರ ಅದು. ಪ್ರತಿ ಎಸಳಿನ ಒಂದು ಅಂಚು ಪಕ್ಕದ ಎಸಳಿನ ಮೇಲೆ, ಇನ್ನೊಂದು ಅಂಚು ಆಚೆಯ ಎಸಳಿನ ಅಡಿಯಲ್ಲಿ. ಐದೂ ಹೀಗೆಯೇ ಸುತ್ತಿ ಬಂದಿವೆ. ಹಸಿರು ಬಟ್ಟಲಿನ ಕೆಳಗೆ ಸಪೂರವಾದ ಹಸಿರು ಎಸಳುಗಳ ಇನ್ನೊಂದು ಸುತ್ತು. ಕೇಸರಗಳ ಕೊಳವೆಯನ್ನು ದಾಟಿ ತುದಿಯಲ್ಲಿ ಐದು ಪುಟ್ಟ ಗುಂಡುಗಳು. ಸುಳ್ಳೆನಿಸಿದರೆ ನಿಮ್ಮ ಮನೆಯ ಹೂವನ್ನೇ ನೋಡಿ. ನನಗಂತೂ ಹೊಟ್ಟೆಕಿಚ್ಚಾಯಿತು. ದಿನವೂ ದೇವರಿಗೆ ಇದೇ ಹೂವನ್ನು ಕೊಯ್ಯುವವಳು ನಾನು. ಎಸಳುಗಳ ಆ ಹೆಣಿಗೆ ಒಂದು ದಿನವೂ ಕಣ್ಣಿಗೆ ಬಿದ್ದಿರಲಿಲ್ಲ.

ಅವಳಿಗೆ ಸಿಕ್ಕಿದ್ದು ಸೊನ್ನೆ. ಬೋರ್ಡಿನ ಚಿತ್ರವನ್ನು ಸ್ಕೇಲು ಹಿಡಿದು ನಕಲು ಮಾಡಿದವರಿಗೆಲ್ಲ ‘ಗುಡ್’.

ಗೇಟಿನ ಪಕ್ಕದಲ್ಲೇ ದಾಸವಾಳದ ಗಿಡವಿದೆ, ಒಳಗೆ ಸ್ಮಾರ್ಟ್ ಬೋರ್ಡಿನಲ್ಲಿ ಹೂವು ಅರಳುವ ವಿಡಿಯೊ ಓಡುತ್ತಿದೆ. ಅದಕ್ಕೆ ಪ್ರತ್ಯೇಕ ಶುಲ್ಕವನ್ನೂ ಕಟ್ಟಿದ್ದೇವೆ, ಸಂತೋಷ.

‘ಎಲ್ಲ ಮಕ್ಕಳೂ ಚಿತ್ರಕಾರರಾಗಬೇಕೇ?’ ಎಂದರು ಆ ಟೀಚರ್. ಯಾರು ಹೇಳಿದರು ಹಾಗೆಂದು? ವಿಜ್ಞಾನದಲ್ಲಿ ಚಿತ್ರ ಬಿಡಿಸುವುದು ಗೋಡೆಗೆ ನೇತುಹಾಕಲು ಅಲ್ಲ, ಕಂಡದ್ದನ್ನು ಯೋಚಿಸಲು. 1609ರಲ್ಲಿ ಗೆಲಿಲಿಯೊಗಿಂತ ಕೆಲವು ತಿಂಗಳು ಮೊದಲೇ ಇಂಗ್ಲೆಂಡಿನ ಥಾಮಸ್ ಹ್ಯಾರಿಯಟ್ ದೂರದರ್ಶಕದಲ್ಲಿ ಚಂದ್ರನನ್ನು ನೋಡಿ ಚಿತ್ರ ಬಿಡಿಸಿದ್ದ. ಆ ಚಿತ್ರದಲ್ಲಿರುವುದು ಅಂಕುಡೊಂಕಾದ ಒಂದು ಗೆರೆ, ಒಂದಿಷ್ಟು ಮಚ್ಚೆ. ಚಿತ್ರಕಲೆಯಲ್ಲಿ ಪಳಗಿದ್ದ ಗೆಲಿಲಿಯೊ ನೆರಳು ಬೆಳಕಿನ ಆಟದಿಂದಲೇ ಅಲ್ಲಿ ಬೆಟ್ಟಗಳೂ ಕುಳಿಗಳೂ ಇವೆ ಎಂದು ಓದಿಕೊಂಡ. ಈ ಕಾಲದಲ್ಲಿ ಹುಟ್ಟಿದ್ದರೆ ಅವನಿಗೂ ಕೆಂಪು ಶಾಯಿ ತಪ್ಪುತ್ತಿರಲಿಲ್ಲ: ‘ಚಂದ್ರನನ್ನು ನುಣ್ಣಗೆ ಬರೆ.’

ಒಂದು ತರಗತಿಗೆ ನಲವತ್ತು ಮಕ್ಕಳು, ಪಾಠ ಮುಗಿಸುವ ಒತ್ತಡ, ಅಂದದ ನೋಟ್‌ಬುಕ್ ಬೇಕೆನ್ನುವ ಪೋಷಕರು. ಒಪ್ಪಿದೆ, ಕಷ್ಟ. ಆದರೆ ನಲವತ್ತು ಮಕ್ಕಳಿಗೆ ನಕಲು ಮಾಡಿಸಲು ಸಮಯವಿದೆ, ನೋಡಿಸಲು ಇಲ್ಲ ಎನ್ನುವುದು ಯಾವ ಲೆಕ್ಕ? ಕಾಲು ಕಿಲೋ ಬೆಂಡೆಕಾಯಿ ತನ್ನಿ. ‘ಅಡ್ಡಕ್ಕೆ ಕತ್ತರಿಸಿದರೆ ಒಳಗೆ ಹೇಗೆ ಕಾಣುತ್ತದೆ? ಮೊದಲು ಚಿತ್ರ ಬಿಡಿಸಿ’ ಎನ್ನಿ. ಆಮೇಲೆ ಕತ್ತರಿಸಿ, ಪಕ್ಕದಲ್ಲಿ ಇನ್ನೊಂದು ಚಿತ್ರ. ಉದ್ದಕ್ಕೆ ಸೀಳಿ, ಮೂರನೆಯದು. ಅಡ್ಡಕ್ಕೆ ಕತ್ತರಿಸಿದ ಬಿಲ್ಲೆಯಲ್ಲಿ ಸಾಮಾನ್ಯವಾಗಿ ಐದು ಕೋಣೆಗಳಿರುತ್ತವೆ. ಯಾವುದಾದರೂ ಮಗು ‘ದಾಸವಾಳದಲ್ಲೂ ಐದು ಎಸಳು, ಐದು ಗುಂಡು ಇದ್ದವಲ್ಲ ಮಿಸ್’ ಎಂದರೆ ಅದು ತಾನಾಗಿಯೇ ಎರಡನ್ನೂ ಒಂದೇ ಕುಟುಂಬಕ್ಕೆ ಸೇರಿಸಿತು ಎಂದರ್ಥ. ಅವೆರಡೂ ನಿಜಕ್ಕೂ ಒಂದೇ ಕುಟುಂಬದವು. ದಾಸವಾಳದ ಬುಡದ ಅಂಡಾಶಯವನ್ನು ಅಡ್ಡಕ್ಕೆ ಕತ್ತರಿಸಿದರೂ ಅದೇ ಐದು ಕೋಣೆಗಳಿವೆ. ಒಂದು ಭೂತಗನ್ನಡಿ ಸಾಕು.

ಅಂಕ ಕೊಡದೆ ಕೈ ನಿಲ್ಲುವುದಿಲ್ಲವೆಂದಾದರೆ, ಪುಸ್ತಕದಲ್ಲಿಲ್ಲದ ಏನನ್ನು ಕಂಡೆ ಎಂದು ಕೇಳಿ, ಅದಕ್ಕೆ ಕೊಡಿ. ‘ಹಾಗಾದರೆ ಪರೀಕ್ಷೆಯ ಗತಿಯೇನು’ ಎಂದು ಕೇಳಲು ಈಗಲೇ ಇಬ್ಬರು ಕಾದು ಕುಳಿತಿದ್ದೀರಿ, ನನಗೆ ಗೊತ್ತು. ಕೇಳಿ, ರಾತ್ರಿ ಅಡುಗೆ ಮುಗಿಸಿ ಉತ್ತರಿಸುತ್ತೇನೆ.